ಕಂಬಳಿದೊಡ್ಡಿಗೆ ಬರಬೇಕಿದ್ದ ಒಂಬತ್ತು ಮಂದಿ

ಕ್ರಿಸ್ತಶಕ 2981ರಲ್ಲಿ ಏನಾಗುತ್ತದೆ ಎಂದು ಕೇಳಿದರೆ ತಾಯಣ್ಣ ನಿಂತಲ್ಲೇ ಹೇಳುತ್ತಿದ್ದ. ಇವತ್ತು ಯಾವ ವಾರ ಎಂದು ಕೇಳಿದರೆ ಗೋಡೆಯ ಕಡೆ ನೋಡುತ್ತಿದ್ದ. ಗೋಡೆಯ ಮೇಲೆ ಕ್ಯಾಲೆಂಡರೂ ಇರುತ್ತಿರಲಿಲ್ಲ. ಇಂಥವನನ್ನು ಸರಕಾರ ನನ್ನ ಕೈಕೆಳಗೆ ಮಾಸ್ತರನನ್ನಾಗಿ ಹಾಕಿತ್ತು. ನಾನು ಯಂಕೋಬ, ದೇವದುರ್ಗ ತಾಲೂಕಿನ ಜಾಲಹಳ್ಳಿ ಶಾಲೆಯಲ್ಲಿ ಹೆಡ್‌ಮಾಸ್ತರನಾಗಿದ್ದವನು, ಗಣಿತ ಹೇಳುತ್ತಿದ್ದವನು. ಕಥೆ ಬರೆಯುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಆದರೂ ಅವನ ಬಗ್ಗೆ ನಾಲ್ಕು ಸಾಲು ಬರೆಯುವವರು ಬೇರೆ ಯಾರೂ ಸಿಗಲಿಲ್ಲ. ಅದಕ್ಕೆ ನಾನೇ ಕೂತಿದ್ದೇನೆ.

ತಾಯಣ್ಣ ಮಾನವಿಯವನು. ತಾಯಿ ಗೋಪಮ್ಮ ಹತ್ತಿ ಹೊಲದಲ್ಲಿ ಕಳೆ ಕಿತ್ತು ಅವನನ್ನು ಓದಿಸಿದಳು. 1974ರಲ್ಲಿ ಮಾಸ್ತರಿಕೆಯ ತರಬೇತಿಗೆಂದು ರಾಯಚೂರಿಗೆ ಹೋದವನು ತರಗತಿಯಲ್ಲಿ ಕೂತದ್ದಕ್ಕಿಂತ ಬಡೇಬೀಯ ರದ್ದಿ ಅಂಗಡಿಯಲ್ಲಿ ಕೂತದ್ದೇ ಹೆಚ್ಚು. ಅಲ್ಲಿ ಹಳೆಯ ವಿಜ್ಞಾನದ ಮಾಸಪತ್ರಿಕೆಗಳು ತೂಕಕ್ಕೆ ಬರುತ್ತಿದ್ದವು. ಬಡೇಬೀಗೆ ಒಂದು ಅಭ್ಯಾಸವಿತ್ತು. ಗಿರಾಕಿ ಬಂದರೆ ಪತ್ರಿಕೆಯ ಹಿಂದಿನ ಹಾಳೆಗಳನ್ನು ಹರಿದು ಅದರಲ್ಲೇ ಮೊಳೆಯೋ ಬೀಡಿಯೋ ಕಟ್ಟಿಕೊಡುತ್ತಿದ್ದಳು. ಹೀಗಾಗಿ ತಾಯಣ್ಣನ ಕೈಗೆ ಸಿಕ್ಕ ಯಾವ ಕಥೆಗೂ ಕೊನೆ ಇರುತ್ತಿರಲಿಲ್ಲ. ಮನುಷ್ಯ ಮಂಗಳನ ಮೇಲೆ ಇಳಿದು ಬಾಗಿಲು ತೆರೆಯುತ್ತಾನೆ, ಅಲ್ಲಿಗೆ ಹಾಳೆ ಮುಗಿದಿರುತ್ತದೆ. ಬಾಗಿಲ ಆಚೆ ಏನಿತ್ತು ಎಂಬ ಸಂಕಟದಲ್ಲೇ ಅವನು ಬರೆಯಲು ಶುರುಮಾಡಿದ್ದು. ಮಂದಿಯ ಕಥೆಗೆಲ್ಲ ಕೊನೆ ಬರೆದ ಈ ಪುಣ್ಯಾತ್ಮ ತನ್ನ ಕಥೆಗೆ ಮಾತ್ರ ಕೊನೆ ಬರೆಯಲಿಲ್ಲ. ಕೊನೆ ಹತ್ತಿರ ಬಂತೆಂದರೆ ಸಾಕು, ನೂರು ವರ್ಷ ಮುಂದಕ್ಕೆ ಜಿಗಿದು ಇನ್ನೊಂದು ಕಥೆ ಶುರುಮಾಡುತ್ತಿದ್ದ.

ಎಪ್ಪತ್ತೊಂಬತ್ತರಲ್ಲಿ ಅವನಿಗೆ ಕಂಬಳಿದೊಡ್ಡಿಗೆ ಆರ್ಡರ್ ಬಂತು. ಜಾಲಹಳ್ಳಿಯಿಂದ ಮೂರು ಮೈಲಿ, ಬಸ್ಸಿಲ್ಲ. ಇರುವವರೆಲ್ಲ ಕುರಿ ಸಾಕುವ ಮಂದಿ. ಅಲ್ಲಿ ಹನುಮಪ್ಪನ ಗುಡಿಕಟ್ಟೆಯ ಮೇಲೆ ಹಂಗಾಮಿಯಾಗಿ ಒಂದು ಶಾಲೆ ತೆರೆದಿದ್ದರು. ಒಬ್ಬನೇ ಮಾಸ್ತರ, ಒಂದೇ ಹಲಗೆ. ತಾಯಣ್ಣ ಆದೆಮ್ಮ ಎಂಬ ಮುದುಕಿಯ ಮನೆಯ ಪಕ್ಕದ ತಗಡಿನ ಕೋಣೆಯಲ್ಲಿ ಉಳಿದುಕೊಂಡ. ಮಕ್ಕಳಿಗೆ ಪಾಠ ಚೆನ್ನಾಗಿಯೇ ಹೇಳುತ್ತಿದ್ದ, ಸುಳ್ಳು ಹೇಳಬಾರದು. ಆದರೆ ಶನಿವಾರ ದೀಪ ಹಚ್ಚುವ ಹೊತ್ತಿಗೆ ಅದೇ ಕಟ್ಟೆಯ ಮೇಲೆ ಕೂತು 'ಮುಂದಿನ ಮಂದಿ' ಎಂದು ಹೆಸರು ಬರೆದ ದಪ್ಪ ನೋಟ್‌ಬುಕ್ಕು ತೆಗೆಯುತ್ತಿದ್ದ. ಇಡೀ ದೊಡ್ಡಿ ಬಂದು ಕೂರುತ್ತಿತ್ತು. ದೂರದ ಹೊಲಗಳಲ್ಲಿ ಕುರಿ ತರುಬಿ ರಾತ್ರಿ ಅಲ್ಲೇ ಮಲಗುವ ಗಂಡಸರು ಕೂಡ ಇಬ್ಬರು ಮೂವರನ್ನು ಕಾವಲಿಗೆ ಬಿಟ್ಟು, ವಾರದ ರೊಟ್ಟಿ ಒಯ್ಯುವ ನೆಪದಲ್ಲಿ ಬರುತ್ತಿದ್ದರು.

ಮೊದಲ ಕಥೆ 2081ರದು. ಜಂಬಣ್ಣ ಎಂಬ ಕುರುಬ ನಲವತ್ತು ಕುರಿಗಳ ಜೊತೆ ಚಂದ್ರನಿಗೆ ಹೋಗುತ್ತಾನೆ. ವಾಹನ ಹೊರಡುವುದು ದೇವದುರ್ಗದ ಬಸ್ ಸ್ಟ್ಯಾಂಡಿನಿಂದ. ಮರಿಗಳಿಗೆ ಅರ್ಧ ಟಿಕೀಟು. ದೊಡ್ಡಿಯ ಹಿರಿಯ ಬೂದೆಪ್ಪ ಇಷ್ಟಕ್ಕೇ ಕೈಯೆತ್ತಿ ತಡೆದನಂತೆ.

"ಮಾಸ್ತರ, ಚಂದ್ರನ ಮ್ಯಾಗ ಮೇವು ಅದ ಏನು?"

"ಇಲ್ಲ ಯಪ್ಪಾ."

"ನೀರು?"

"ಅದೂ ಇಲ್ಲ."

"ಮತ್ತ ಯಾವ ಹುಚ್ಚ ಅಲ್ಲಿಗಿ ಕುರಿ ಹೊಡಕೊಂಡು ಹೋಗ್ತಾನ? ನಮ್ಮ ಮಂದಿ ಮರ್ಯಾದಿ ತೆಗೀಬ್ಯಾಡ."

ಮುಂದಿನ ಶನಿವಾರದೊಳಗೆ ತಾಯಣ್ಣ ಚಂದ್ರನ ಮೇಲೆ ಒಂದು ಹಳ್ಳ ಹರಿಸಿ ಕರಿಕೆ ಹುಲ್ಲು ಬೆಳೆಸಿದ. ಬೂದೆಪ್ಪ ಒಪ್ಪಿದ. ಒಪ್ಪಿದ್ದಷ್ಟೇ ಅಲ್ಲ, ಸಿರವಾರದ ಸಂತೆಗೆ ಕುರಿ ಮಾರಲು ಹೋದಾಗ ವ್ಯಾಪಾರಿಗಳಿಗೆ ಚಂದ್ರನ ಮೇವಿನ ಗುಣ ಹೇಳಿ ಬಂದ. 2281ರಲ್ಲಿ ಮನುಷ್ಯರೆಲ್ಲ ಊಟ ಬಿಟ್ಟು ಗುಳಿಗೆ ನುಂಗುತ್ತಾರೆ ಎಂದು ಓದಿದಾಗ ಆದೆಮ್ಮ ಸಿಟ್ಟಾದಳು.

"ಗುಳಿಗಿ ನುಂಗಿದ್ರ ಹೊಟ್ಟಿ ತುಂಬಬಹುದು ಮಾಸ್ತರ. ರೊಟ್ಟಿ ಬಡಿಯೋ ಸಪ್ಪಳ ಇಲ್ಲದ ಮನ್ಯಾಗ ಮನುಷ್ಯಾರು ಹೆಂಗ ಇರ್ತಾರ?"

ತಾಯಣ್ಣ ವಾರವಿಡೀ ಯೋಚಿಸಿ, ರೊಟ್ಟಿ ಬಡಿಯುವ ಸಪ್ಪಳವನ್ನಷ್ಟೇ ಮಾಡುವ ಒಂದು ಯಂತ್ರವನ್ನು ಪ್ರತಿ ಮನೆಯಲ್ಲೂ ಇಟ್ಟ. 2381ರಲ್ಲಿ ಆ ಯಂತ್ರ ಕೆಟ್ಟು ಜಗತ್ತೆಲ್ಲ ಅತ್ತಿತು. ಕಟ್ಟೆಯ ಮೇಲೆ ಆದೆಮ್ಮನೂ ಅತ್ತಳು. ಹೀಗೆ ಓದುತ್ತ ತಿದ್ದುತ್ತ ಎಂಬತ್ತೊಂದರ ಹೊತ್ತಿಗೆ ಕಥೆ 2981ಕ್ಕೆ ಬಂದು ನಿಂತಿತ್ತು. ಮನುಷ್ಯರೆಲ್ಲ ಚುಕ್ಕೆಗಳ ಕಡೆ ಹೊರಟುಹೋಗಿ ಭೂಮಿ ಖಾಲಿ. ಚಂದ್ರನ ಮೇಲೆ ಒಂದೇ ಮನೆ ಉಳಿದಿದೆ. ಜಂಬಣ್ಣನ ವಂಶದ ಒಂಬತ್ತು ಮಂದಿ. ಯಜಮಾನಿ ಬಂಡೆಮ್ಮ, ವಯಸ್ಸು ನೂರಾ ಹನ್ನೆರಡು. ಗಗನೆಪ್ಪ, ಚುಕ್ಕೆಮ್ಮ, ಶುಕ್ರೆಪ್ಪ ಹೀಗೆ ಮಕ್ಕಳು ಮೊಮ್ಮಕ್ಕಳು. ಶುಕ್ರೆಪ್ಪನಿಗೆ ಮೊದಲು ಶನೆಪ್ಪ ಎಂದಿಟ್ಟಿದ್ದನಂತೆ, ಹೆಂಗಸರು ಬೈದು ಬದಲಾಯಿಸಿದರು. ಈ ಒಂಬತ್ತು ಮಂದಿ ತಿರುಗಿ ಕಂಬಳಿದೊಡ್ಡಿಗೆ ಬರಬೇಕೆಂದು ಗಂಟು ಕಟ್ಟುತ್ತಿದ್ದರು. ಮೂರು ತಿಂಗಳಿಂದ ಕಟ್ಟುತ್ತಲೇ ಇದ್ದರು. ದಾರಿಯಲ್ಲಿ ಸಿಕ್ಕವರೆಲ್ಲ "ಬಂದ್ರೇನು ಮಾಸ್ತರ?" ಎಂದು ಕೇಳುವರು. "ಇನ್ನಾ ಗಂಟು ಕಟ್ಟಾಕತ್ತಾರ" ಎಂದು ಇವನು ಹೇಳುವನು. ಕೊನೆ ಬರೆಯಲು ಬಾರದವನ ಹಣೆಬರಹ ಇಷ್ಟೇ.

ಆ ವರ್ಷ ಫೆಬ್ರವರಿಯಲ್ಲಿ ಜನಗಣತಿ ಬಂತು. ಮಾಸ್ತರರೇ ಮನೆಮನೆಗೆ ಹೋಗಿ ಬರೆಯಬೇಕು. ಜಾಲಹಳ್ಳಿ ಭಾಗಕ್ಕೆ ನಾನು ಮೇಲ್ವಿಚಾರಕ. ಕಂಬಳಿದೊಡ್ಡಿಯ ಮಟ್ಟಿಗೆ ಈ ಗಣತಿ ಬರೀ ಗಣತಿಯಲ್ಲ. ಅಲ್ಲಿ ಮುನ್ನೂರು ಮಂದಿ ಇದ್ದರೆ ಶಾಲೆ ಕಾಯಂ, ಒಬ್ಬ ಕಡಿಮೆಯಾದರೂ ಶಾಲೆಯನ್ನು ಎತ್ತಿ ಜಾಲಹಳ್ಳಿಗೆ ಸೇರಿಸುತ್ತೇವೆ ಎಂದು ಮೇಲಿನಿಂದ ತಿಳಿಸಿದ್ದರು. ಮೂರು ಮೈಲಿ ಜಾಲಿಮುಳ್ಳಿನ ದಾರಿ ನಡೆದು ಆರು ವರ್ಷದ ಕೂಸುಗಳು ಬರುವುದು ಸುಳ್ಳು. ಶಾಲೆ ಹೋದರೆ ಆ ದೊಡ್ಡಿಯಲ್ಲಿ ಅಕ್ಷರ ಹೋಯಿತೆಂದೇ ಲೆಕ್ಕ. ಇದು ದೊಡ್ಡಿಯ ಪ್ರತಿ ಮನೆಗೂ ಗೊತ್ತಿತ್ತು.

ತಾಯಣ್ಣನನ್ನು ಕರೆದು ನಾನು ಕಟ್ಟುನಿಟ್ಟಾಗಿ ಹೇಳಿದೆ: "ಮನಿಯವರು ಬಾಯಿಬಿಟ್ಟು ಏನು ಹೇಳ್ತಾರೋ ಅಷ್ಟೇ ಬರಿ. ನಿನ್ನ ತಲಿಯಿಂದ ಒಂದಕ್ಷರ ಸೇರಿಸಬ್ಯಾಡ. ತಿಳೀತೇನು?"

"ತಿಳೀತ್ರಿ ಸರ," ಎಂದ.

ಮಾರ್ಚ್ ಮೊದಲ ವಾರ ಕಟ್ಟು ತಂದುಕೊಟ್ಟ. ಒಟ್ಟು ಮುನ್ನೂರು. ಸರಿಯಾಗಿ ಮುನ್ನೂರು. ಮೂವತ್ತು ವರ್ಷ ಗಣಿತ ಹೇಳಿದ ನನಗೆ ಅಲ್ಲಿಯೇ ಅನುಮಾನ ಬರಬೇಕಿತ್ತು. ದೇವದುರ್ಗದ ಬಸ್ಸು ಹಾರ್ನ್ ಹೊಡೆಯುತ್ತಿತ್ತು, ಒಂದು ಹೆಸರನ್ನೂ ಓದದೆ ಹಾಳೆಹಾಳೆಗೂ ಸಹಿ ಹಾಕಿಬಿಟ್ಟೆ. ಈ ಮಾತು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಶುಕ್ರವಾರ ದೇವದುರ್ಗದಲ್ಲಿ ಕಟ್ಟು ಪರೀಕ್ಷಿಸುತ್ತಿದ್ದ ಗುಮಾಸ್ತ ನನ್ನನ್ನು ಕರೆದು ಒಂದು ಫಾರಂ ಮುಂದಿಟ್ಟ. "ಇದು ಯಾವ ತಾಲೂಕಿನಾಗ ಬರ್ತದ್ರಿ ಮಾಸ್ತರ?" ಎಂದ. ಹುಟ್ಟಿದ ಸ್ಥಳ ಎಂಬಲ್ಲಿ 'ಚಂದ್ರ' ಎಂದಿತ್ತು. ಕುಟುಂಬದ ಮುಖ್ಯಸ್ಥೆ ಬಂಡೆಮ್ಮ, ವಯಸ್ಸು 112, ಉದ್ಯೋಗ ಹವಾ ಮಾರುವುದು. ಗಗನೆಪ್ಪ, ಮಗ, ವಯಸ್ಸು 90, ಅವಿವಾಹಿತ. ಒಟ್ಟು ಒಂಬತ್ತು ಮಂದಿ. ಕೆಳಗೆ ಮೇಲ್ವಿಚಾರಕರ ಸಹಿ, ನನ್ನದು, ಶಾಯಿ ಇನ್ನೂ ಹೊಳೆಯುತ್ತಿತ್ತು. ಮರುದಿನ ರಾಯಚೂರಿನಿಂದ ತಪಾಸಣೆಯ ಸಾಹೇಬರು ಜೀಪಿನಲ್ಲಿ ಬರುತ್ತಾರೆ, ಈ ಮನೆಯನ್ನು ಅವರೇ ಕಣ್ಣಾರೆ ನೋಡುತ್ತಾರಂತೆ ಎಂದ ಗುಮಾಸ್ತ.

ಶನಿವಾರ ಬೆಳಿಗ್ಗೆಯೇ ಕಂಬಳಿದೊಡ್ಡಿಗೆ ಓಡಿದೆ. ತಾಯಣ್ಣ ಫಾರಂ ವಿಷಯ ಕೇಳಿ ಹಣೆ ಬಡಿದುಕೊಂಡ.

"ಸಾವಿರ ವರ್ಷದ ಮಂದಿ ಹೆಸರು, ವಯಸ್ಸು ನೆನಪ ಉಳಿಯಂಗಿಲ್ರಿ ಸರ. ಒಂದು ಖಾಲಿ ಫಾರಂ ಹೆಚ್ಚಾಗಿತ್ತು, ಅದರಾಗ ಬರಕೊಂಡಿದ್ದೆ. ಕಟ್ಟಿನಾಗ ಸೇರ್ಯಾದ. ಮುನ್ನೂರು ಬಂದಾಗ ನನಗೂ ಆಶ್ಚರ್ಯ ಆತು. ದೇವರು ಅದಾನ ಅನ್ಕೊಂಡೆ."

"ದೇವರಲ್ಲಲೇ, ಅದು ನಿನ್ನ ಗಗನೆಪ್ಪ. ಈಗ ಉಳಿದದ್ದು ಇನ್ನೂರಾ ತೊಂಬತ್ತೊಂದು. ಶಾಲಿ ಹೋತು."

ಕಟ್ಟೆಯ ಸುತ್ತ ಸೇರಿದ ಮಂದಿ ತಲೆಮೇಲೆ ಕೈ ಹೊತ್ತರು. ಬೂದೆಪ್ಪ ಮಾತ್ರ ಮೀಸೆ ತಿರುವಿದ. "ನೀವ್ಯಾಕ ಚಿಂತಿ ಮಾಡ್ತೀರಿ ಮಾಸ್ತರ. ಕುರಿ ಹಿಂದ ಹೋಗ್ಯಾರ ಅಂದ್ರಾತು."

ಇದು ಆ ದೊಡ್ಡಿಯ ಹಳೆಯ ಮದ್ದು. ಪೊಲೀಸರು ಬರಲಿ, ಸೂಜಿ ಹಾಕುವವರು ಬರಲಿ, ಯಾರನ್ನು ಕೇಳಿದರೂ ಕುರಿ ಹಿಂದೆ ಹೋಗಿದ್ದಾರೆ ಎಂಬುದೇ ಉತ್ತರ. ಎಮರ್ಜೆನ್ಸಿ ಕಾಲದಲ್ಲಿ ಗಂಡಸರನ್ನು ಹಿಡಿದು ಮಕ್ಕಳಾಗದಂತೆ ಮಾಡುವ ಆಪರೇಶನ್ನಿನ ವ್ಯಾನು ಬಂದಾಗ ಇಡೀ ದೊಡ್ಡಿಯ ಗಂಡಸರು ಎಂಟು ದಿನ ಕುರಿ ಹಿಂದೆ ಹೋಗಿದ್ದರಂತೆ, ಕುರಿಗಳು ಮಾತ್ರ ದೊಡ್ಡಿಯಲ್ಲೇ ಇದ್ದವಂತೆ. ನಾನು ಬೇಡವೆಂದು ಹೇಳಬೇಕಿತ್ತು. ಆದರೆ ಆ ಫಾರಂ ಕೆಳಗೆ ನನ್ನ ಸಹಿ ಇತ್ತು. ಸುಮ್ಮನೆ ಕೂತೆ.

ನಾಲ್ಕು ಗಂಟೆಗೆ ಜೀಪು ಬಂತು. ಸಾಹೇಬರು ಮೈಸೂರು ಕಡೆಯವರು, ತೆಳ್ಳಗಿನ ಮನುಷ್ಯ, ಕೈಯಲ್ಲಿ ಕೆಂಪು ಪೆನ್ಸಿಲ್ಲು. ಕಟ್ಟೆಯ ಮೇಲೆ ಕೂತು ಗಣತಿಯ ಕಟ್ಟು ಬಿಚ್ಚಿ ಆ ಫಾರಂ ತೆಗೆದರು.

"ಈ ಬಂಡೆಮ್ಮ ಎಲ್ಲಿದ್ದಾರೆ?"

"ಕುರಿ ಹಿಂದ ಹೋಗ್ಯಾಳ್ರೀ," ಎಂದಳು ಆದೆಮ್ಮ.

"ನೂರಾ ಹನ್ನೆರಡು ವರ್ಷದ ಮುದುಕಿಯೇ?"

"ಹಲ್ಲು ಇನ್ನಾ ಗಟ್ಟಿ ಅದಾವ್ರೀ."

"ಹವಾ ಮಾರುತ್ತಾರೆ ಎಂದಿದೆಯಲ್ಲ?"

"ಸೈಕಲ್ ಅಂಗಡಿ ಅದರೀ," ಎಂದ ಬೂದೆಪ್ಪ, ರೆಪ್ಪೆ ಕೂಡ ಬಡಿಯದೆ. "ಚಂದ್ರ ಅಂದ್ರ ಅವರ ತವರೂರ್ರೀ. ಭಾಳ ದೂರ ಅದ."

ಸಾಹೇಬರು ತಲೆಯಾಡಿಸಿದರು. ಎಲ್ಲವೂ ಮುಗಿದುಹೋಗುತ್ತಿತ್ತು. ನನಗೆ ಉಸಿರು ಬಂತು. ಆದರೆ ಮಾತಿನ ರುಚಿ ಹತ್ತಿದ ಆದೆಮ್ಮ ಅಷ್ಟಕ್ಕೇ ನಿಲ್ಲಬೇಕಲ್ಲ. ಗಗನೆಪ್ಪ ಯಾಕೆ ಮದುವೆಯಾಗಲಿಲ್ಲ ಎಂದು ಯಾರೂ ಕೇಳದೆಯೇ ಶುರುಮಾಡಿದಳು. ಹುಡುಗಿ ಕಡೆಯವರು ಒಪ್ಪಲಿಲ್ಲ, ಅದಕ್ಕೆ ಮುನಿಸಿಕೊಂಡು ಹತ್ತು ವರ್ಷ ಮನೆ ಬಿಟ್ಟು ಹೋಗಿದ್ದ ಎಂದಳು. ನನ್ನ ಪಕ್ಕದಲ್ಲಿ ತಾಯಣ್ಣ ಮಿಸುಕಾಡತೊಡಗಿದ. ಅವನ ತೊಡೆ ಚಿವುಟಿದೆ. ಆಗಲಿಲ್ಲ.

"ಹಂಗಲ್ಲ ಯವ್ವಾ," ಎಂದುಬಿಟ್ಟ. "ಅವನು ಬ್ಯಾಡ ಅಂದದ್ದು ತಾನೇ. ಅದೂ 2940ರಾಗ. ಒಂಬತ್ತನೇ ಕಥಿಗೂ ಹತ್ತನೇದಕ್ಕೂ ನಡುವ ಬರ್ತದ. ಎಷ್ಟು ಸಲ ಓದೀನಿ, ನೀವು ಲಕ್ಷ್ಯನ ಕೊಡಂಗಿಲ್ಲ."

ಸಾಹೇಬರು ಪೆನ್ಸಿಲ್ಲು ಕೆಳಗಿಟ್ಟರು. "ಯಾವ ಇಸವಿ ಅಂದಿರಿ?"

ಆಮೇಲೆ ಏನಿದೆ. ನೋಟ್‌ಬುಕ್ಕು ಹೊರಬಂತು, ಬಂಡೆಮ್ಮನ ಮನೆಯ ಫಾರಂ ಮೇಲೆ ಕೆಂಪು ಗೀಟು ಬಿತ್ತು. ಇನ್ನೂರಾ ತೊಂಬತ್ತೊಂದು. ಸಾಹೇಬರು ಬೈಯಲಿಲ್ಲ, ಅದೇ ಹೆಚ್ಚು ಕೆಟ್ಟದ್ದು. ಶಾಲೆಯ ವಿಷಯ ತಾವು ಬರೆಯಲೇಬೇಕಾಗುತ್ತದೆ ಎಂದಷ್ಟೇ ಹೇಳಿದರು. ಹಲಗೆಯ ಪಕ್ಕ ಕೂತಿದ್ದ ಮಕ್ಕಳು ನಮ್ಮೆಲ್ಲರ ಮುಖ ನೋಡುತ್ತಿದ್ದರು. ತಾಯಣ್ಣ ನೋಟ್‌ಬುಕ್ಕು ಮಡಚಿ ಎದೆಗೊತ್ತಿಕೊಂಡು ನಿಂತ. ಅವನ ಮೇಲೆ ನನಗೆ ಬಂದ ಸಿಟ್ಟು ಹೇಳತೀರದು. ಅವನ ಕಣ್ಣಲ್ಲಿ ನೀರು ನೋಡಿ ಅದೂ ಇಳಿಯಿತು, ಅದಕ್ಕೂ ಸಿಟ್ಟು ಬಂತು.

ಕೈಗೆ ಏನಾದರೂ ಕೆಲಸ ಬೇಕೆಂದು ನಾನು ಸಾಹೇಬರು ತಂದಿದ್ದ ಕಟ್ಟು ಎಳೆದುಕೊಂಡು ಒಂದೊಂದೇ ಹಾಳೆ ತಿರುವಿ ಓದಿದೆ. ಸಹಿ ಹಾಕುವ ಮೊದಲು ಮಾಡಬೇಕಾಗಿದ್ದ ಕೆಲಸ. ಹೆಣ್ಣುಮಕ್ಕಳು ನೂರಾ ಎಪ್ಪತ್ತೊಂದು. ಗಂಡಸರು ನೂರಾ ಇಪ್ಪತ್ತು. ಇದೆಂಥ ಲೆಕ್ಕ. ಆದೆಮ್ಮನ ಮನೆಯ ಫಾರಂ ತೆಗೆದೆ.

"ಆದೆಮ್ಮ, ನಿನ್ನ ಮನ್ಯಾಗ ಮೂರು ಮಂದಿ ಸೊಸ್ತೇರು, ಏಳು ಮೊಮ್ಮಕ್ಕಳು. ಮಗ ಒಬ್ಬನೂ ಇಲ್ಲ. ಈ ಸೊಸ್ತೇರು ಮ್ಯಾಲಿಂದ ಉದುರಿದ್ರೇನು?"

ಆದೆಮ್ಮ ಸೆರಗು ತಿರುವುತ್ತ ನಿಂತಳು. "ಗಂಡಸರ ಹೆಸರು ಬರಸಿದ್ರ ಆ ಆಪರೇಶನ್ ವ್ಯಾನು ಬರ್ತದಲ್ರೀ. ಉಳಿದ ಮನಿಯವರು ಹೆಂಗೂ ಬರಸ್ತಾರ, ನನ್ನ ಮೂರು ಮಂದಿ ಇಲ್ಲದಿದ್ರ ಶಾಲಿಗೇನು ಕಡಿಮಿ ಅಂತ ಬಿಟ್ಟೆ."

"ಅಯ್ಯ, ನೀವು ಬರಸ್ತೀರಿ ಅಂತ ನಾವು ಬಿಟ್ವಿ," ಎಂದಳು ಪಕ್ಕದ ಮನೆಯವಳು. ಬೂದೆಪ್ಪ ಕೆಮ್ಮಿದ. ಅವನ ಮನೆಯಲ್ಲೂ ಇಬ್ಬರು ಕಡಿಮೆ. ಇಲ್ಲದ ಒಂಬತ್ತು ಮಂದಿಗಾಗಿ ಅಷ್ಟು ಚಂದ ಸುಳ್ಳು ಹೇಳಿದ ದೊಡ್ಡಿ, ಇರುವ ಗಂಡಸರನ್ನೇ ನುಂಗಿ ಕೂತಿತ್ತು.

ನಾನು ತಾಯಣ್ಣನ ಕಡೆ ತಿರುಗಿದೆ. "ಆದೆಮ್ಮನ ಮಕ್ಕಳನ್ನ ನೀ ನೋಡಿಲ್ಲೇನು? ಪ್ರತಿ ಶನಿವಾರ ಮುಂದ ಕುಂತು ಕಥಿ ಕೇಳ್ತಾರ."

"ಓದುವಾಗ ನಾನು ಆ ಕಾಲದಾಗ ಇರ್ತೀನಿ ಸರ, ಮುಂದ ಯಾರು ಕುಂತಾರ ಕಾಣಂಗಿಲ್ಲ. ಮ್ಯಾಲ ನೀವೇ ಹೇಳಿದ್ರಿ, ಬಾಯಿಬಿಟ್ಟು ಹೇಳಿದ್ದಷ್ಟೇ ಬರಿ ಅಂತ."

ಹೇಳಿದ್ದೆ.

ಸಾಹೇಬರು ಗಡಿಯಾರ ನೋಡಿಕೊಂಡರು. ಗಣತಿಯ ದಿನಗಳಲ್ಲಿ ಒಮ್ಮೆಯಾದರೂ ಮನೆಗೆ ಬಂದುಹೋದವರು ಮನೆಯವರೇ, ಸೇರಿಸಬಹುದು ಎಂದರು. "ಆ ಗಂಡಸರು ಈಗ ಎಲ್ಲಿದ್ದಾರೆ?"

"ಕುರಿ ಹಿಂದ ಹೋಗ್ಯಾರ್ರೀ," ಎಂದ ಬೂದೆಪ್ಪ. ಅವನ ಜೀವಮಾನದಲ್ಲಿ ಆ ಮಾತು ಖರೆಯಾಗಿದ್ದು ಅವತ್ತೇ ಇರಬೇಕು.

ಸಾಹೇಬರು ನಕ್ಕರು. "ಇದೇ ಮಾತನ್ನು ಚಂದ್ರನ ಮೇಲಿನವರಿಗೂ ಹೇಳಿದಿರಿ. ಕಣ್ಣಾರೆ ನೋಡದೆ ಒಂದು ಹೆಸರನ್ನೂ ಬರೆಯುವುದಿಲ್ಲ. ಹೊತ್ತು ಮುಳುಗಿದ ಮೇಲೆ ಹೊರಡುತ್ತೇನೆ."

ಶನಿವಾರವಾದ್ದರಿಂದ ಆ ಗಂಡಸರು ಕಥೆ ಕೇಳಲು ಬರುವುದು ಖಾತ್ರಿಯಿತ್ತು. ಬಂದರು ಕೂಡ. ಹೊತ್ತಿಳಿಯುವಾಗ ದಿನ್ನೆಯ ಮೇಲೆ ಕಂಬಳಿ ಹೊದ್ದ ಸಾಲು ಕಂಡಿತು. ಮಂದಿ ಎದ್ದು ನಿಂತರು. ಸಾಲು ಅರ್ಧ ಇಳಿಯಿತು, ಗುಡಿಯ ಮುಂದೆ ನಿಂತ ಜೀಪು ನೋಡಿತು, ಮಾಯವಾಯಿತು. ಒಬ್ಬ ಬಣವೆಯೊಳಗೆ, ಇಬ್ಬರು ಹಳ್ಳದೊಳಗೆ, ಉಳಿದವರು ಜಾಲಿ ಪೊದೆಗಳಲ್ಲಿ. ಅಷ್ಟು ಶಿಸ್ತಿನ ಕವಾಯತು ನಾನು ಯಾವ ಶಾಲೆಯಲ್ಲೂ ಕಂಡಿಲ್ಲ. ಆದೆಮ್ಮ ಹೆಸರು ಹಿಡಿದು ಕೂಗಿದಳು. ಕೂಗಿದಷ್ಟೂ ಪೊದೆಗಳು ಒಳಗೊಳಗೆ ಸರಿದವು. ಸಾಹೇಬರು ಚಪ್ಪಲಿ ಮೆಟ್ಟಿದರು.

ಆಗ ತಾಯಣ್ಣ ಕಟ್ಟೆ ಹತ್ತಿದ. ನೋಟ್‌ಬುಕ್ಕು ಬಿಡಿಸಿ, ನನ್ನ ಕಿವಿ ತೂತಾಗುವಂತೆ ಕೂಗಿ ಓದತೊಡಗಿದ.

"ಇಪ್ಪತ್ತೊಂಬತ್ತು ನೂರಾ ಎಂಬತ್ತೊಂದು. ಬಂಡೆಮ್ಮನ ಮನಿಯವರದು ಗಂಟು ಕಟ್ಟಿ ಮುಗೀತು."

ಬಣವೆ ಅಲುಗಿತು. ನಾನು ಬಗ್ಗಿ ನೋಡಿದೆ, ಹಾಳೆ ಖಾಲಿ ಇತ್ತು. ಅವನು ಬಾಯಿಗೆ ಬಂದದ್ದು ಹೇಳುತ್ತಿದ್ದ.

"ಒಂಬತ್ತೂ ಮಂದಿ ವಾಹನ ಹತ್ತಿದ್ರು. ಕಂಬಳಿದೊಡ್ಡಿಯ ಬೇವಿನ ಗಿಡದ ಬಾಜೂಕ ಇಳಿದ್ರು. ಬಾಗಿಲು ತೆಗೆದು ನೋಡ್ತಾರ, ಗುಡಿ ಮುಂದ ಒಂದು ಜೀಪು ನಿಂತದ."

ಎರಡು ತಲೆ ಪೊದೆಯಿಂದ ಹೊರಬಂದವು. ತಾಯಣ್ಣ ನಿಲ್ಲಿಸಿದ.

"ಮುಂದ?" ಎಂದು ಹಳ್ಳದೊಳಗಿಂದ ಒಂದು ದನಿ ಕೇಳಿತು.

"ಮುಂದಿಂದು ದೂರ ಇದ್ದವರಿಗೆ ಕೇಳಂಗಿಲ್ಲ," ಎಂದು ತಾಯಣ್ಣ ದನಿ ಇಳಿಸಿದ. "ಎಲ್ಲಾರಿಗೂ ಅಂಜಿಕಿ. ಗಗನೆಪ್ಪ ತಿರುಗಿ ಹೋಗೂಣು ಅಂದ. ಬಂಡೆಮ್ಮಗ ನೂರಾ ಹನ್ನೆರಡು ವರ್ಷ. ಆಕಿ ಅಂದ್ಳು, ಸಾವಿರ ವರ್ಷ ಅಡಗಿ ಅಡಗಿ ಓಡಿ ಚಂದ್ರನ ಮುಟ್ಟೀವಿ. ಇನ್ನ ಎಲ್ಲಿಗಂತ ಓಡೂದು. ಮಕ್ಕಳು ಓದಬೇಕು. ಹೆಸರು ಬರಸೇ ಬಿಡೂಣು ಅಂತ ಮೊದಲು ತಾನೇ ಇಳದ್ಳು."

ಮೊದಲು ಬಂದವನು ಆದೆಮ್ಮನ ಹಿರಿಯ ಮಗ, ತಲೆ ತುಂಬ ಹುಲ್ಲು. ಹಿಂದೆ ಇನ್ನಿಬ್ಬರು. ಆಮೇಲೆ ಪೊದೆಪೊದೆಗಳಿಂದ ಎದ್ದು ಬಂದು ಕಟ್ಟೆಯ ಮುಂದೆ ಸಾಲಾಗಿ ಕೂತರು. ಇಪ್ಪತ್ತೆಂಟು ಮಂದಿ. ಕುರಿ ಕಾಯಲು ಉಳಿದವರು ಮೂವರು. ಸಾಹೇಬರು ಚಪ್ಪಲಿ ಬಿಟ್ಟು ಮತ್ತೆ ಕೂತರು, ಆದರೆ ಬಿಡುವ ಮನುಷ್ಯ ಅಲ್ಲ. "ಫೆಬ್ರವರಿ ಇಪ್ಪತ್ತೊಂದನೇ ತಾರೀಖು ಇಲ್ಲಿಗೆ ಬಂದಿದ್ದೆ ಎನ್ನಲು ಏನು ಸಾಕ್ಷಿ?" ಎಂದು ಮೊದಲನೆಯವನನ್ನು ಕೇಳಿದರು.

"ತಾರೀಖು ಗೊತ್ತಿಲ್ರೀ. ಎರಡು ವಾರದ ಹಿಂದ ಶನಿವಾರ ಗಗನೆಪ್ಪಂದು ಒಂದು ಕಾಲ್ಮರಿ ಕಳದಿತ್ರೀ. ಅದಕ್ಕ ಅವರು ಹೊರಡೋದು ತಡ ಆತು."

ಇಪ್ಪತ್ತೆಂಟು ಮಂದಿಯನ್ನೂ ಜೀಪಿನ ಆಚೆ ಒಬ್ಬೊಬ್ಬರನ್ನಾಗಿ ಕರೆದು ಕೇಳಿದರು. ಇಪ್ಪತ್ತೆಂಟು ಮಂದಿಯೂ ಗಗನೆಪ್ಪನ ಕಾಲ್ಮರಿಯನ್ನೇ, ಆ ಕಳೆದುಹೋದ ಚಪ್ಪಲಿಯನ್ನೇ ಹೇಳಿದರು. ಇವತ್ತು ಕಾವಲಿಗೆ ಉಳಿದ ಮೂವರೂ ಅವತ್ತು ಕುರಿಗಳನ್ನು ಹುಡುಗರಿಗೆ ಒಪ್ಪಿಸಿ ಬಂದು ಪಕ್ಕದಲ್ಲೇ ಕೂತಿದ್ದರೆಂದು ಎಲ್ಲರೂ ಒಂದೇ ಬಾಯಲ್ಲಿ ನುಡಿದರು. ಆ ಮೂವರನ್ನು ಮಾತ್ರ ಸಾಹೇಬರು ನೋಡದೆಯೇ ಬರೆದುಕೊಂಡರು. ಒಟ್ಟು ಮುನ್ನೂರಾ ಇಪ್ಪತ್ತೆರಡು. ಸಾಹೇಬರು ಸಹಿ ಹಾಕಿ ಎದ್ದಾಗ ಆದೆಮ್ಮ ಕೆಂಪು ಗೀಟಿನ ಫಾರಂ ಕಡೆ ಕೈ ತೋರಿಸಿದಳು.

"ಅವರೂ ಬಂದ್ರಲ್ರೀ ಈಗ. ಅವರನ್ಯಾಕ ಹೊಡೆದು ಹಾಕೀರಿ?"

"ಅವರು ಇನ್ನಾ ಹುಟ್ಟಿಲ್ಲ ಆದೆಮ್ಮ," ಎಂದೆ ನಾನು.

"ಹುಟ್ತಾರಲ್ಲ," ಎಂದಳು.

ಶಾಲೆ ಕಾಯಂ ಆಯಿತು. ಎಂಬತ್ನಾಲ್ಕರಲ್ಲಿ ಎರಡು ಕಲ್ಲಿನ ಕೋಣೆ ಎದ್ದವು. ಕೊನೆ ಮುಟ್ಟಿದ್ದಕ್ಕೋ ಏನೋ ತಾಯಣ್ಣ ಮತ್ತೆ ಕಥೆ ಬರೆಯಲಿಲ್ಲ. ಬರೆಯುವುದಿಲ್ಲವೇ ಎಂದು ಕೇಳಿದರೆ, ಅವರೆಲ್ಲ ಊರು ಸೇರ್ಯಾರಲ್ಲ ಸರ, ಇನ್ನೇನು ಬರೀಲಿ ಎನ್ನುತ್ತಿದ್ದ.

ಎಂಬತ್ತೆಂಟರ ಜೂನ್ ನನ್ನ ನೌಕರಿಯ ಕೊನೆಯ ಜೂನ್. ಒಂದನೇ ಇಯತ್ತೆಯ ದಾಖಲೆ ನೋಡಲು ಕಂಬಳಿದೊಡ್ಡಿಗೆ ಹೋಗಿದ್ದೆ. ತಾಯಣ್ಣನ ಅಕ್ಷರದ ಮೇಲೆ ನನಗೆ ನಂಬಿಕೆಯಿಲ್ಲ, ಪುಸ್ತಕ ನಾನೇ ಬರೆಯಲು ಕೂತೆ. ಅವನು ಒಂದೊಂದೇ ಹೆಸರು ಕೂಗಿದ. ಗಗನೆಪ್ಪ. ಚುಕ್ಕೆಮ್ಮ. ಶುಕ್ರೆಪ್ಪ. ನಾನು ತಲೆಯೆತ್ತಿದೆ. ನಮ್ಮ ಕಡೆ ಹುಟ್ಟಿದ ಕೂಸಿಗೆ ಸತ್ತ ಹಿರಿಯರ ಹೆಸರಿಡುತ್ತಾರೆ. ಈ ದೊಡ್ಡಿಯವರು ಆ ಗಣತಿಯಾದ ವರ್ಷ, ಅದರ ಮರುವರ್ಷ ಹುಟ್ಟಿದ ಕೂಸುಗಳಿಗೆಲ್ಲ ಇನ್ನೂ ಹುಟ್ಟದ ಹಿರಿಯರ ಹೆಸರಿಟ್ಟಿದ್ದರು. ಕ್ರಿಸ್ತಶಕ 2981ರ ಮನೆಯೊಂದು ಚಡ್ಡಿ ಏರಿಸಿಕೊಳ್ಳುತ್ತ ನನ್ನ ಮುಂದೆ ಸಾಲಾಗಿ ನಿಂತಿತ್ತು.

ಕೊನೆಗೆ ಬಂದವಳು ಬಂಡೆಮ್ಮ, ಆದೆಮ್ಮನ ಮೊಮ್ಮಗಳು. ವಯಸ್ಸು ಆರು. ಮುಂದಿನ ಎರಡು ಹಲ್ಲು ಇರಲಿಲ್ಲ.

"ಎಲ್ಲಿ ಹುಟ್ಟಿದಿ?" ಎಂದು ಕೇಳಿದೆ.

ಅಜ್ಜಿ ಏನು ಹೇಳಿಕೊಟ್ಟಿದ್ದಳೋ, ಹುಡುಗಿ ಬೆರಳೆತ್ತಿ ಮೇಲಕ್ಕೆ ತೋರಿಸಿದಳು. ತಾಯಣ್ಣ ನನ್ನನ್ನೇ ನೋಡುತ್ತಿದ್ದ. ನಾನು ಕಂಬಳಿದೊಡ್ಡಿ ಎಂದು ಬರೆದೆ. ಕೆಳಗೆ ಗೀಟೆಳೆದು ಒಟ್ಟು ಒಂಬತ್ತು ಎಂದು ಬರೆದು, ಮೇಲಿಂದ ಕೆಳಗಿನವರೆಗೆ ಒಂದೊಂದೇ ಹೆಸರನ್ನು ಎರಡು ಸಲ ಓದಿದೆ. ಕಣ್ಣಲ್ಲಿ ಏನೋ ಬಿದ್ದಿತ್ತು, ಅದಕ್ಕೆ ತಡವಾಯಿತು. ಆಮೇಲೆ ಸಹಿ ಹಾಕಿದೆ.